‘ಹತ್ತು ಕಿಲೋ ಇಳಿಸಿ ಬಾ’ ಎಂದ ಆರೋಗ್ಯಾಧಿಕಾರಿಗಳಿಗೆ

ನಮ್ಮ ಪಟ್ಟಣದ ಆರೋಗ್ಯ ಕೇಂದ್ರದ ಮುಖ್ಯಸ್ಥರೇ, ದಿನಾ ಬೆಳಿಗ್ಗೆ ನಮ್ಮ ಅಂಗಡಿಯ ಕಂಬದ ಪಕ್ಕದ ಸ್ಟೂಲಿನಲ್ಲಿ ಕೂತು, ಹುರಿದ ಈರುಳ್ಳಿ ಜಾಸ್ತಿ ಹಾಕಿಸಿಕೊಂಡು, ಎಳ್ಳೆಣ್ಣೆಯಲ್ಲಿ ಕಲಸಿದ ಅಂಟಕ್ಕಿಯ ಅನ್ನವನ್ನು, ನಮ್ಮ ಎಣ್ಣೆಯನ್ನವನ್ನು, ತಿನ್ನುವ ಮಾನ್ಯ ವೈದ್ಯರೇ,

ಕಳೆದ ವಾರ ಹಿರಿಯರ ಸಂಘದ ಸಭೆಯಲ್ಲಿ ಮೈಕು ಹಿಡಿದು ನೀವು ನನ್ನ ಗಂಡನ ಕಥೆಯನ್ನು ಅರ್ಧ ಹೇಳಿದಿರಿ. ಉಳಿದರ್ಧ ಹೇಳಲು ನಿಮಗೆ ಪುರುಸೊತ್ತಾಗಲಿಲ್ಲವೋ, ಅಥವಾ ಆ ಅರ್ಧದಲ್ಲಿ ನೀವೇ ಬರುತ್ತೀರೆಂಬ ಸಂಕೋಚವೋ, ತಿಳಿಯದು. ಅದನ್ನು ನಾನು ಹೇಳುತ್ತೇನೆ. ನೀವು ಅವನ ಹೆಸರು ಎತ್ತಲಿಲ್ಲ, ‘ಎಣ್ಣೆಯನ್ನ ಮಾರುವ ಒಬ್ಬರು’ ಎಂದಷ್ಟೇ ಅಂದಿರಿ. ಈ ಪಟ್ಟಣದಲ್ಲಿ ಎಣ್ಣೆಯನ್ನ ಮಾರುವವರು ಒಬ್ಬರೇ. ನಾನೂ ನಿಮ್ಮ ಹೆಸರು ಎತ್ತುವುದಿಲ್ಲ. ಈ ಪಟ್ಟಣಕ್ಕೆ ಆರೋಗ್ಯ ಕೇಂದ್ರದ ಮುಖ್ಯಸ್ಥರೂ ಒಬ್ಬರೇ. ಮರ್ಯಾದೆಯಲ್ಲಿ ನಾವಿಬ್ಬರೂ ಸಮ ಸಮ.

“ಎರಡೆರಡು ಸಲ ಲಸಿಕೆ ಹಾಕಿಸ್ಕೊಂಡು ಐಸಿಯುಗೆ ಹೋದ ಪುಣ್ಯಾತ್ಮ ನಮ್ಮೂರಲ್ಲೇ ಇದ್ದಾನೆ. ತಾನು ಮಾರೋದನ್ನ ತಾನೇ ತಿಂದು ಮುಗಿಸಿದ್ರೆ ಪಾಪ ಲಸಿಕೆ ತಾನೇ ಏನ್ ಮಾಡುತ್ತೆ ಹೇಳಿ?” ಎಂದಿರಿ. ಹಿರಿಯರೆಲ್ಲ ನಕ್ಕರು. ಮುಂದಿನ ಸಾಲಿನಲ್ಲೇ ಕೂತಿದ್ದ ನನ್ನ ಅತ್ತೆ ನಗಲಿಲ್ಲ. ಆಕೆಯ ಮುಖ ನಿಮಗೆ ಕಾಣಲಿಲ್ಲವೇ? ಮನೆಗೆ ಬಂದವರು ಚಪ್ಪಲಿ ಕೂಡ ಬಿಚ್ಚದೆ ಹೊಸ್ತಿಲಲ್ಲೇ ನಿಂತು ಹೇಳಿದರು: “ಪೇ-ರೂ, ಇವತ್ತು ಡಾಕ್ಟ್ರು ನನ್ನ ಮಗನ್ನ ಬಟ್ಟಲಿಗೆ ಹಾಕ್ಕೊಂಡು ಎಲ್ರ ಮುಂದೆ ತಿಂದ್ರು ಕಣೇ.”

ಆದ್ದರಿಂದ ಈ ಪತ್ರ. ನಾನು ಪೇ-ರೂ, ‘ಡುಮ್ಮನ ಎಣ್ಣೆಯನ್ನ’ ಅಂಗಡಿಯ ಯೋಂಗ್-ಫಾನ ಹೆಂಡತಿ, ಶಿನ್-ಹೆ ಎಂಬ ಹಾಲುಗಲ್ಲದ ಹೆಣ್ಣುಮಗುವಿನ ತಾಯಿ. ಆಹಾರ ರಸಾಯನಶಾಸ್ತ್ರ ಓದಿದವಳು, ಪದವಿಯ ಕಾಗದ ಈಗ ಅಕ್ಕಿ ಕೋಣೆಯ ಬೀರುವಿನಲ್ಲಿದೆ. ಮಗು ಹುಟ್ಟಿದಾಗಿನಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ, ವಾಕ್ಯಗಳು ಅಲ್ಲಲ್ಲಿ ತೂಕಡಿಸಿದರೆ ಮನ್ನಿಸಿ. ಸಿಟ್ಟು ಮಾತ್ರ ಚೆನ್ನಾಗಿ ನಿದ್ದೆ ಮಾಡಿ, ಮುಖ ತೊಳೆದು ಬಂದು ಕೂತಿದೆ.

ಮೊದಲು ನಿಮ್ಮ ಸಾಲಿನ ವಿಷಯ. ಅದು ನಿಮ್ಮ ಹೆಮ್ಮೆಯಲ್ಲವೇ? ಹೋದ ವರ್ಷದ ಶರತ್ಕಾಲದಲ್ಲಿ, ಶಾಲೆಯ ಒಳಾಂಗಣ ಮೈದಾನದಲ್ಲಿ, ನಮಗೆಲ್ಲ ಕೋವಿಡ್ಡಿನ ಎರಡನೇ ಲಸಿಕೆ. ನಾವು ಯಾರೂ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಅಂಗಿಯ ತೋಳು ಮೇಲೆ ಮಡಚಿ ಸಾಲಾಗಿ ಕೂತಿರಬೇಕು. ಗಾಲಿಯ ಸ್ಟೂಲಿನ ಮೇಲೆ ನೀವು, ನಿಮ್ಮ ಹಿಂದೆ ಔಷಧಿಯ ಗಾಡಿ ತಳ್ಳುವ ದಾದಿ, ಇನ್ನೂ ಹಿಂದೆ ಟಿವಿಯವರ ಕ್ಯಾಮೆರಾ. ಚುಚ್ಚಿ ಜಾರಿ, ಚುಚ್ಚಿ ಜಾರಿ, ಸಾಲಿನ ಈ ತುದಿಯಿಂದ ಆ ತುದಿಗೆ ನೀವು ಸಾಗಿದ್ದನ್ನು ಇಡೀ ತೈವಾನ್ ನೋಡಿ ಚಪ್ಪಾಳೆ ತಟ್ಟಿತು. ನಡೆಯಲಾರದ ಅಜ್ಜ ಅಜ್ಜಿಯರಿಗೆ ಅದು ನಿಜಕ್ಕೂ ಒಳ್ಳೆಯದಾಯಿತು, ಇಲ್ಲವೆನ್ನುವುದಿಲ್ಲ. ಪಕ್ಕದ ಪಟ್ಟಣದವರು ಸಂಜೆಯವರೆಗೆ ಎಳೆದದ್ದನ್ನು ನೀವು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಸಿದಿರಿ. ನಿಮ್ಮ ಪಂದ್ಯ ಕಾಯಿಲೆಯ ಜೊತೆಗಿತ್ತೋ ಪಕ್ಕದ ಪಟ್ಟಣದ ಜೊತೆಗಿತ್ತೋ ಎಂಬುದಷ್ಟೇ ನನ್ನ ಅನುಮಾನ.

ನಾನಾಗ ಬಸುರಿ. ಯೋಂಗ್-ಫಾ ನನ್ನ ಪಕ್ಕದ ಕುರ್ಚಿಯಲ್ಲಿದ್ದ. ಪಕ್ಕದ ಎರಡು ಕುರ್ಚಿಯಲ್ಲಿ ಎಂದರೆ ಸರಿಯಾದೀತು, ಒಂದರಲ್ಲಿ ಅವನು ಹಿಡಿಯುವುದಿಲ್ಲ. ನೀವು ಜಾರಿ ಬಂದು ಅವನ ತೋಳಿನ ಮುಂದೆ ನಿಂತಿರಿ. ಅವನು ಎಂದಿನ ತಮಾಷೆಯಲ್ಲೇ ಕೇಳಿದ: “ಡಾಕ್ಟ್ರೇ, ಈ ಸೂಜಿ ನನ್ನ ತೋಳಿಗೆ ಸಾಲುತ್ತಾ? ಕೊಬ್ಬಲ್ಲೇ ದಾರಿ ತಪ್ಪೀತು ನೋಡಿ!”

ತಮಾಷೆಯ ಹೊದಿಕೆ ತೆಗೆದರೆ ಅದು ಸರಿಯಾದ ಪ್ರಶ್ನೆ. ವೈದ್ಯರಾದ ನಿಮಗೆ ಹಾಗೆನ್ನಿಸಲಿಲ್ಲ.

“ಉದ್ದದ್ದು ಬೇಕಾದ್ರೆ ಹಂದಿ ಡಾಕ್ಟ್ರ ಹತ್ರ ಹೋಗಪ್ಪಾ ಡುಮ್ಮ, ಅವ್ರು ಇಟ್ಟಿರ್ತಾರೆ. ಕೈ ಸಡಿಲ ಬಿಡು, ಸಾಲು ನಿಲ್ಲಿಸ್ಬೇಡ!”

ಮೈದಾನವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಯೋಂಗ್-ಫಾ. ದಪ್ಪಗಿರುವವರು ಯಾಕೆ ಹಾಗೆ ನಗುತ್ತಾರೆ ಗೊತ್ತೇ? ಬೇರೆಯವರು ಶುರು ಮಾಡುವ ಮೊದಲು ತಾವೇ ಶುರು ಮಾಡಿದರೆ ನೋವು ಕಮ್ಮಿ. ಹೊರಗೆ ಬರುವಾಗ ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಪೆಟ್ಟಿಗೆ ಕಂಡೆ. ಮೇಲೆ ಸೂಜಿಯ ಅಳತೆ ಬರೆದಿತ್ತು. ನಿಮ್ಮ ಗಾಡಿಯಲ್ಲಿದ್ದವಕ್ಕಿಂತ ಉದ್ದದ ಸೂಜಿಗಳು. ಪೆಟ್ಟಿಗೆಗೆ ಅಂಟಿಸಿದ್ದ ಟೇಪು ಕೂಡ ಬಿಚ್ಚಿರಲಿಲ್ಲ. ಯಾರಾದರೂ ಅಲ್ಲಿಯವರೆಗೆ ಎದ್ದು ಬಂದು ಒಂದನ್ನು ತೆಗೆದುಕೊಂಡು ಹೋಗಬಹುದಿತ್ತು. ಆದರೆ ಸಾಲು ನಿಲ್ಲುತ್ತಿತ್ತಲ್ಲ!

ಅವನನ್ನು ಡುಮ್ಮ ಎಂದು ಕರೆದದ್ದಕ್ಕೆ ನನ್ನ ತಕರಾರಿಲ್ಲ. ಅಂಗಡಿಯ ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ನಾವೇ ಬರೆಸಿದ್ದೇವೆ. ಅವನ ಅಪ್ಪನೂ ಡುಮ್ಮನೇ, ಅಂಗಡಿ ಶುರು ಮಾಡಿದ ಅಜ್ಜನೂ ಡುಮ್ಮನೇ. ಮಾರುಕಟ್ಟೆಯ ಮೀನಿನಾಕೆಯಿಂದ ದೇವಸ್ಥಾನದ ಗಂಟೆ ಹೊಡೆಯುವವನವರೆಗೆ ಎಲ್ಲರೂ ಹಾಗೇ ಕೂಗುತ್ತಾರೆ, ಅವನು ಓಗೊಡುತ್ತಾನೆ. ಆದರೆ ಮೀನಿನಾಕೆಯ ಕೈಯಲ್ಲಿ ಸೂಜಿ ಇರುವುದಿಲ್ಲ ಮಾನ್ಯರೇ. ಅನ್ನ ಕೊಳ್ಳುವವರ ಬಾಯಲ್ಲಿ ಆ ಹೆಸರು ಪ್ರೀತಿ. ಔಷಧಿ ಕೊಡುವವರ ಬಾಯಲ್ಲಿ ಅದು ತೀರ್ಪು.

ಎರಡನೆಯದು ನಿಮ್ಮ ಕಿಟಕಿಯ ವಿಷಯ. ಇದನ್ನು ನೀವು ಮರೆತಿರಬಹುದು, ಏಕೆಂದರೆ ನಿಮಗೆ ಅದು ಚಹಾ ಹೀರುವ ನಡುವೆ ಆಡಿದ ಒಂದು ಮಾತು. ಚಳಿಗಾಲದಲ್ಲಿ ಮೂರನೇ ಲಸಿಕೆ ಬಂತು. ವಯಸ್ಸಾದವರು, ಕಾಯಿಲೆಯವರು, ಮೈತೂಕ ಮಿತಿಮೀರಿದವರು ಕೇಳಿದರೆ ಮೊದಲು ಕೊಡಬೇಕೆಂದು ನಿಮ್ಮ ಕಿಟಕಿಯ ಗಾಜಿನ ಮೇಲೇ ಅಂಟಿಸಿತ್ತು. ವಯಸ್ಸಾದವರಿಗೆ ಮನೆಗೇ ಫೋನು ಮಾಡಿದಿರಿ. ಕಾಯಿಲೆಯವರ ಕಾರ್ಡು ನೋಡಿದರೆ ಗೊತ್ತಾಗುತ್ತದೆ. ದಪ್ಪಗಿರುವವರು ಮಾತ್ರ ಕಿಟಕಿಯ ಮುಂದೆ ನಿಂತು, ಹಿಂದೆ ಇರುವವರಿಗೆಲ್ಲ ಕೇಳಿಸುವ ಹಾಗೆ ತಮ್ಮ ಬಾಯಿಂದಲೇ ಹೇಳಿಕೊಳ್ಳಬೇಕು. ಎಷ್ಟು ಜನ ಬಂದು ಹೇಳಿಕೊಂಡರು, ನೀವೇ ಹೇಳಿ. ನಮ್ಮೂರಿನಲ್ಲಿ ಒಬ್ಬರ ಕಾಲು ತುಳಿದರೆ ತುಳಿಸಿಕೊಂಡವರೇ ಕ್ಷಮೆ ಕೇಳುತ್ತಾರೆ. ಇಂಥ ಜನ ಸರತಿಯಲ್ಲಿ ನಿಂತು ‘ನಾನು ದಪ್ಪ, ನನಗೆ ಮೊದಲು ಕೊಡಿ’ ಎನ್ನುತ್ತಾರೆಂದು ಯಾವ ಮಹಾನುಭಾವ ಯೋಚಿಸಿದನೋ!

ಯೋಂಗ್-ಫಾ ಬಂದ. ಹುಟ್ಟಲಿರುವ ಮಗುವಿಗೋಸ್ಕರ ಬಂದ. ನನಗೂ ಹೇಳದೆ, ಅಂಗಡಿಯ ಏಪ್ರನ್ ಮಡಚಿ ಜೇಬಿಗಿಟ್ಟುಕೊಂಡು ಬಂದ. ಕಿಟಕಿಯ ಹುಡುಗಿ ಏನೋ ಬರೆದುಕೊಳ್ಳುತ್ತಿದ್ದಳಂತೆ, ಅಷ್ಟರಲ್ಲಿ ನೀವು ಒಳಗಿನಿಂದ ಚಹಾದ ಲೋಟ ಹಿಡಿದು ಬಂದಿರಿ.

“ಏನಪ್ಪಾ, ನಿಂಗೂ ಮೊದಲೇ ಬೇಕಾ? ಇದಕ್ಕೆಲ್ಲ ಸೂಜಿಯಲ್ಲ ಔಷಧಿ, ಬಾಯಿ ಮುಚ್ಚೋದು ಔಷಧಿ. ಹತ್ತು ಕಿಲೋ ಇಳಿಸಿ ಬಾ, ನಾನೇ ಕೈಯಾರೆ ಚುಚ್ತೀನಿ.”

ಅವನು ಆಗಲೂ ನಕ್ಕನಂತೆ. ಮನೆಗೆ ಬಂದು ನನಗೂ ಅದನ್ನು ಜೋಕಿನ ಹಾಗೇ ಹೇಳಿದ. “ಡಾಕ್ಟ್ರು ನಂಗೆ ರಿಯಾಯಿತಿ ಕೊಟ್ಟಿದ್ದಾರೆ ಕಣೇ. ಇಪ್ಪತ್ತು ಇಳಿಸು ಅನ್ಬೇಕಿತ್ತು, ಹತ್ತೇ ಅಂದ್ರು.” ಆ ದಿನದಿಂದ ರಾತ್ರಿಯ ಊಟ ಬಿಟ್ಟ. ನಸುಕಿನಿಂದ ಅಂಟಕ್ಕಿಯ ಹಬೆಯಲ್ಲಿ ನಿಂತು, ಎಳ್ಳೆಣ್ಣೆಯಲ್ಲಿ ಅಣಬೆ ಒಣಸೀಗಡಿ ಹುರಿದು, ಊರಿಗೆಲ್ಲ ಬಡಿಸಿ, ತಾನು ಬಿಸಿನೀರು ಕುಡಿದು ಮಲಗುತ್ತಿದ್ದ. ಯಾಕೆ? ನೀವು ಹೇಳಿದ್ದಕ್ಕೆ. ಹುಟ್ಟಿದಾಗಿನಿಂದ ಅವನಿಗೆ ಪ್ರತಿಯೊಂದು ಲಸಿಕೆ ಚುಚ್ಚಿದವರು ನೀವೇ ಅಲ್ಲವೇ? ಅತ್ತೆ ಹೇಳುತ್ತಾರೆ, ಅಳು ನಿಲ್ಲಿಸಲು ಅವನ ಕೈಗೆ ಬೆಲ್ಲದ ಮಿಠಾಯಿ ಕೊಟ್ಟವರೂ ನೀವೇ. ಅಂಥವರ ಮಾತು ಅವನಿಗೆ ಬರೀ ಮಾತಲ್ಲ.

ಈಗ ನನ್ನದೊಂದು ಪ್ರಶ್ನೆ, ಉತ್ತರ ನಿಧಾನವಾಗಿ ಕೊಡಿ. ಎಂಬತ್ತು ದಾಟಿದ ಅಜ್ಜನಿಗೆ ನೀವು ‘ಹತ್ತು ವರ್ಷ ಇಳಿಸಿ ಬಾ’ ಎಂದಿರಾ? ಕಿಡ್ನಿ ಹೋದವರಿಗೆ ‘ಮೊದಲು ಕಿಡ್ನಿ ಸರಿಮಾಡಿಕೊಂಡು ಬಾ’ ಎಂದಿರಾ? ಅವರಿಗೆ ಅಪಾಯ ಹೆಚ್ಚು, ಆದ್ದರಿಂದ ಬೇಗ ಲಸಿಕೆ. ನನ್ನ ಗಂಡನಿಗೂ ಅಪಾಯ ಹೆಚ್ಚು, ಆದ್ದರಿಂದ ಬುದ್ಧಿವಾದ! ಇದು ಯಾವ ವೈದ್ಯಶಾಸ್ತ್ರ? ಛತ್ರಿಯಿಲ್ಲದವನಿಗೆ ಛತ್ರಿ ಕೊಡದೆ, ಮಳೆ ಬರುವಾಗ ಹೊರಗೆ ಬಂದದ್ದೇ ತಪ್ಪು ಎಂದ ಹಾಗಾಯಿತಲ್ಲ!

ಮಗು ಹುಟ್ಟಿದ್ದು ವಸಂತದಲ್ಲಿ. ಕಾಯಿಲೆ ಊರಿಗೆ ಬಂದದ್ದೂ ಆಗಲೇ. ನನಗೆ ಬಾಣಂತನ. ನನ್ನ ಅತ್ತೆಯ ಬಾಣಂತನ ಹೇಗಿರುತ್ತದೆಂದು ಕೇಳಬೇಡಿ: ತಣ್ಣೀರು ಮುಟ್ಟುವ ಹಾಗಿಲ್ಲ, ತಲೆ ತೊಳೆಯುವ ಹಾಗಿಲ್ಲ, ಕಿಟಕಿಯ ಸಂದಿಗೂ ಬಟ್ಟೆ. ಶುಂಠಿ, ಎಳ್ಳೆಣ್ಣೆ, ಅಕ್ಕಿಹೆಂಡ ಹಾಕಿ ಕುದಿಸಿದ ಕೋಳಿ ಮೂರು ಹೊತ್ತೂ. ಒಂದು ಸಂಜೆ ಯೋಂಗ್-ಫಾಗೆ ಮೈ ಬಿಸಿಯಾಯಿತು. ಕೋವಿಡ್ ಪರೀಕ್ಷೆಯ ಕಡ್ಡಿಯಲ್ಲಿ ಎರಡು ಗೆರೆ ಕಂಡದ್ದೇ ಅವನು ಅಕ್ಕಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

“ಮಗು ಹತ್ರ ಇರೋರು ಯಾರೂ ಈ ಕಡೆ ಬರ್ಬೇಡಿ,” ಎಂದ ಒಳಗಿನಿಂದ. “ಅಮ್ಮ, ನೀನೂ ಅಷ್ಟೇ. ಗಂಜಿ ಹೊಸ್ತಿಲಲ್ಲಿಟ್ಟು ಓಡು.”

“ಓಡೋಕೆ ನಂಗೇನು ಹದಿನಾರಾ?” ಎಂದರು ಅತ್ತೆ. “ಎರಡೆರಡು ಲಸಿಕೆ ಆಗಿದೆ, ಏನೂ ಆಗಲ್ಲ ಸುಮ್ನಿರು.”

ನಾವೆಲ್ಲ ನಂಬಿದ್ದು ಅದನ್ನೇ. ‘ಎರಡು ಲಸಿಕೆ ಆದವರು ನಿಶ್ಚಿಂತರಾಗಿರಿ’ ಎಂದು ಬೀದಿಬೀದಿಗೆ ಬ್ಯಾನರ್ ಕಟ್ಟಿಸಿದ್ದಿರಿ. ನಿಶ್ಚಿಂತೆಯಲ್ಲೂ ಅಳತೆಯ ವ್ಯತ್ಯಾಸವಿದೆ ಎಂದು ಯಾವ ಬ್ಯಾನರಿನಲ್ಲೂ ಇರಲಿಲ್ಲ.

ಅವನ ಗೊರಕೆ ಊರಿಗೇ ಗೊತ್ತು. ಅಕ್ಕಿಮೂಟೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದನಂತೆ, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಗೋಡೆಯಾಚೆ ಮಗುವಿಗೆ ಹಾಲು ಕೊಡುತ್ತಾ ನಾನು ಆ ಗೊರಕೆ ಕೇಳಿಯೇ ಸಮಾಧಾನಪಡುತ್ತಿದ್ದೆ. ಒಂದು ಮಧ್ಯಾಹ್ನ, ಹೊರಗೆ ಜಡಿಮಳೆ, ಅತ್ತೆ ಗಂಜಿಯ ಬಟ್ಟಲು ಹಿಡಿದುಕೊಂಡು ಹೋದವರು ಬಟ್ಟಲು ಹಿಡಿದುಕೊಂಡೇ ವಾಪಸ್ ಬಂದರು.

“ಪೇ-ರೂ. ಗೊರಕೆ ನಿಂತಿದೆ.”

ನಾನು ಎದ್ದೆ. ನನ್ನ ಪಾದಕ್ಕೆ ಗಾಳಿ ತಾಗಿದರೂ ಗದರುತ್ತಿದ್ದ ಆ ಹೆಂಗಸು ತಾನೇ ಹೋಗಿ ಬೀದಿ ಬಾಗಿಲನ್ನು ಮಳೆಗೆ ಹಾರುಹೊಡೆದು, “ಬಾಣಂತನ ಆಮೇಲೆ ಮಾಡ್ಕೊಳ್ಳೋಣ, ನೀನು ಬೀದಿಗೆ ಹೋಗಿ ಕೂಗು! ಮಗು ನನ್ನ ಕೈಲಿ ಕೊಡು!” ಎಂದರು. ಅಕ್ಕಪಕ್ಕದವರು ಓಡಿಬಂದು ಅಕ್ಕಿ ಕೋಣೆಯ ಬಾಗಿಲು ಒಡೆದಾಗ ಅವನು ಮೂಟೆಗೆ ಒರಗಿಯೇ ಇದ್ದ. ಕಣ್ಣು ಬಿಟ್ಟಿದ್ದ. ತುಟಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಆಂಬುಲೆನ್ಸಿನವರು ಎತ್ತಲು ಕಷ್ಟಪಟ್ಟಾಗ ಅವನು ಏನೋ ಹೇಳಲು ಬಾಯಿ ತೆರೆದ. ನಾನು ಬಗ್ಗಿ ಕಿವಿಗೊಟ್ಟೆ. ನನಗೆ ಹೇಳುವ ಮಾತೇನೋ ಎಂದುಕೊಂಡೆ. ಅವನು ಹೇಳಿದ್ದು ಅವರಿಗೆ: “ಭಾರ ಇದ್ದೀನಿ… ತಪ್ಪು ತಿಳ್ಕೋಬೇಡಿ.”

ಉಸಿರಿಲ್ಲದ ಮನುಷ್ಯ ಇದ್ದ ಒಂದೇ ಉಸಿರನ್ನು ಕ್ಷಮೆ ಕೇಳಲು ಖರ್ಚು ಮಾಡಿದ. ಆ ಕ್ಷಮೆಯನ್ನು ಅವನ ಬಾಯಿಗೆ ತುರುಕಿದವರು ಯಾರು ಮಾನ್ಯರೇ? ನಾನು ಉತ್ತರ ಬಲ್ಲೆ. ಅದಕ್ಕೇ ಈ ಪತ್ರ ಬೇರೆ ಯಾರನ್ನೂ ಕೇಳುತ್ತಿಲ್ಲ, ನಿಮ್ಮನ್ನೇ ಕೇಳುತ್ತಿದೆ.

ದೊಡ್ಡಾಸ್ಪತ್ರೆಯಲ್ಲಿ ಅವನನ್ನು ನೋಡಿಕೊಂಡ ವೈದ್ಯೆ ನಿಮ್ಮ ಮಗಳ ವಯಸ್ಸಿನವರು. ಅವನ ಉಸಿರು ಸ್ವಲ್ಪ ಹಿಡಿತಕ್ಕೆ ಬಂದ ದಿನ ಅತ್ತೆ ಅವರ ಕೋಟು ಹಿಡಿದುಕೊಂಡು ಕೇಳಿದರು: “ನಿಜ ಹೇಳಮ್ಮ. ನಾನೇ ತಿನ್ನಿಸಿ ತಿನ್ನಿಸಿ ಹೀಗೆ ಮಾಡಿದ್ನಾ?”

“ಅಯ್ಯೋ ಅಜ್ಜಿ, ಕೂತ್ಕೊಳ್ಳಿ,” ಎಂದು ಆಕೆ ತಾವೂ ಪಕ್ಕದಲ್ಲೇ ಕೂತರು. “ತಪ್ಪಿನ ಮಾತು ಯಾಕೆ? ನಿಮ್ಮ ಮಗನಿಗೆ ಸಕ್ಕರೆ ಕಾಯಿಲೆ ಇದೆ, ಇಷ್ಟು ದಿನ ಯಾರೂ ನೋಡಿಲ್ಲ. ನಿದ್ದೇಲಿ ಉಸಿರು ನಿಂತು ನಿಂತು ಹೋಗುತ್ತೆ, ಆ ಗೊರಕೆ ಅದೇ. ಎರಡನೇ ಲಸಿಕೆ ಆಗಿ ತುಂಬಾ ತಿಂಗಳಾಗಿದೆ. ಮೈತೂಕ ಜಾಸ್ತಿ ಇರೋರಲ್ಲಿ ಲಸಿಕೆಯ ಬಲ ಬೇರೆಯವರಿಗಿಂತ ಬೇಗ ಇಳಿಯುತ್ತೆ. ಇವೆಲ್ಲ ಒಟ್ಟಿಗೆ ಸೇರಿಕೊಂಡ್ವು. ಆದ್ರೂ ಲಸಿಕೆ ಕೈಬಿಟ್ಟಿಲ್ಲ ಅಜ್ಜಿ. ಅದು ಇಲ್ದಿದ್ರೆ ನಾನು ನಿಮ್ಹತ್ರ ಈ ಥರ ಕೂತು ಮಾತಾಡ್ತಿರಲಿಲ್ಲ. ಮೂರನೇದು ಮೊದಲೇ ಸಿಕ್ಕಿದ್ದಿದ್ರೆ…” ಎಂದವರು ಅಲ್ಲಿಗೇ ನಿಲ್ಲಿಸಿದರು. ನನ್ನ ಮುಖ ನೋಡಿ ನಿಲ್ಲಿಸಿದರೆಂದು ಕಾಣುತ್ತದೆ.

ಸೂಜಿಯ ವಿಷಯವನ್ನೂ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ, ನಾನೂ ಇಲ್ಲಿ ಹೇಳುವುದಿಲ್ಲ. “ಸೂಜಿಯಿಂದಲೇ ಹೀಗಾಯ್ತು ಅಂತ ಯಾರಿಂದಲೂ ಹೇಳೋಕಾಗಲ್ಲ. ಆದ್ರೆ ನೂರಿಪ್ಪತ್ತು ಕಿಲೋ ಇರೋ ಮನುಷ್ಯನ ತೋಳಿಗೆ ಉದ್ದ ಸೂಜಿ ಹಾಕೋದು ಮಾಮೂಲು. ಔಷಧಿ ಮಾಂಸಕ್ಕೆ ಮುಟ್ಟಬೇಕಲ್ವಾ,” ಎಂದರು. ನೋಡಿ, ಎಷ್ಟು ಸರಳ! ಹಂದಿಯ ಹೆಸರೇ ಬರಲಿಲ್ಲ.

ಲಸಿಕೆಯೇ ಸುಳ್ಳು ಎಂದು ಊರಲ್ಲಿ ಪಿಸುಗುಟ್ಟುವವರು ಈ ಪತ್ರವನ್ನು ತಮ್ಮ ಕೈದೀಪ ಮಾಡಿಕೊಳ್ಳಬಾರದು, ಅದಕ್ಕೆ ಇಲ್ಲೇ ಹೇಳಿಬಿಡುತ್ತೇನೆ: ನನ್ನ ಮಗಳಿಗೆ ಇವತ್ತು ಅಪ್ಪ ಇದ್ದಾನೆ ಎಂದರೆ ಆ ಎರಡು ಲಸಿಕೆಯಿಂದ. ನನ್ನ ಜಗಳ ಲಸಿಕೆಯ ಜೊತೆಗಲ್ಲ, ಅದನ್ನು ಕೈಯಲ್ಲಿ ಹಿಡಿದುಕೊಂಡು ಕೊಡದೆ ಹೋದವರ ಜೊತೆ. ದಪ್ಪಗಿರುವವರ ಮೈಯಲ್ಲಿ ಅದು ಬೇಗ ಸೋಲುತ್ತದೆ ಎಂದು ತಿಳಿದ ಮೇಲೆ ಮಾಡಬೇಕಾದದ್ದು ಇಷ್ಟೇ: ಅಂಥವರನ್ನು ಮೊದಲು ಕರೆಯಬೇಕು, ಸಕ್ಕರೆ ನೋಡಬೇಕು, ಗೊರಕೆ ಹೊಡೆಯುತ್ತೀಯಾ ಎಂದು ಕೇಳಬೇಕು, ಹಿಂದಿನದು ಆಗಿ ಎಷ್ಟು ದಿನವಾಯಿತೆಂದು ನೋಡಬೇಕು. ಒಂದಕ್ಕಾದರೂ ಪರದೇಶದ ಯಂತ್ರ ಬೇಕೇ? ಗೊರಕೆಯನ್ನಂತೂ ನೀವು ಬೀದಿಯಲ್ಲಿ ನಿಂತೇ ಕೇಳಬಹುದಿತ್ತು. ನಿಮಗೆ ಅವನ ಗೊರಕೆ ನಗೆಯಾಗಿತ್ತು, ಅವನ ತೋಳು ನಗೆಯಾಗಿತ್ತು, ಅವನ ಹಸಿವು ನಗೆಯಾಗಿತ್ತು. ಇಡೀ ರೋಗಲಕ್ಷಣದ ಪಾಠವೇ ಎದುರಿಗೆ ಕೂತಿತ್ತು, ನೀವು ನಕ್ಕು ಮುಂದಿನ ಕುರ್ಚಿಗೆ ಜಾರಿದಿರಿ.

ನಿಮ್ಮ ಮೈಕಟ್ಟಿನ ಬಗ್ಗೆ ನಿಮಗಿರುವ ಅಭಿಮಾನ ನನಗೆ ಗೊತ್ತು. ಬೆಳಿಗ್ಗೆ ನದಿದಂಡೆಯಲ್ಲಿ ಬೀಸುನಡಿಗೆ, ಆಮೇಲೆ ನಮ್ಮಲ್ಲಿ ದೊಡ್ಡ ಬಟ್ಟಲು ಅನ್ನ. ಬೆಲ್ಟು ಮದುವೆಯಾದಾಗಿನ ತೂತಿನಲ್ಲೇ ಇದೆಯೆಂದು ಎಲ್ಲರಿಗೂ ತೋರಿಸುತ್ತೀರಿ. ನೀವು ತಿನ್ನುವುದು ನನ್ನ ಗಂಡ ತಿನ್ನುವುದಕ್ಕಿಂತ ಕಮ್ಮಿಯಲ್ಲ, ಬಡಿಸುವವಳು ನಾನು, ನನಗೆ ಗೊತ್ತು. ನಿಮಗೆ ಅಂಟುವುದಿಲ್ಲ, ಅವನಿಗೆ ಅಂಟುತ್ತದೆ. ಅವನ ಅಪ್ಪನಿಗೂ ಅಂಟಿತ್ತು. ನಿಮ್ಮ ಪಾಲಿಗೆ ಬಂದ ಅದೃಷ್ಟವನ್ನು ನಿಮ್ಮ ಸಾಧನೆ ಎಂದು ತಿಳಿದಿರಿ, ಅಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ಅವನ ಪಾಲಿಗೆ ಬಂದದ್ದನ್ನು ಅವನ ಅಪರಾಧ ಎಂದಿರಿ, ಅದನ್ನು ಬಿಡುವುದು ಹೇಗೆ? ನಿಮ್ಮ ಮೊಮ್ಮಗನಿಗೆ ತಿಂಗಳು ತುಂಬಿದಾಗ ಊರಿಗೆ ಹಂಚಿದ ಎಣ್ಣೆಯನ್ನ ಬೇಯಿಸಿದ್ದು ಯಾರು? ಇಡೀ ದಿನ ಒಲೆ ಮುಂದೆ ನಿಂತು, ಕೆಂಪು ಬಣ್ಣ ಹಾಕಿದ ಮೊಟ್ಟೆಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗಿಟ್ಟದ್ದು ಯಾರು? ಆ ದಿನ ನಿಮ್ಮ ನೆಂಟರ ಮುಂದೆ ಅವನ ಹೆಗಲು ತಟ್ಟಿ, “ಈ ಡುಮ್ಮ ಇಲ್ದಿದ್ರೆ ನಮ್ಮೂರಲ್ಲಿ ಮಕ್ಕಳು ಹುಟ್ಟಿದ್ದೇ ಗೊತ್ತಾಗಲ್ಲ” ಎಂದಿರಂತೆ. ಆ ದಿನ ಆ ಹೆಗಲು ನಿಮಗೆ ಬೇಕಾಗಿತ್ತು.

ನಿಮಗೆ ಕಾಯಿಲೆ ಬರಲಿ ಎಂದು ನಾನು ಹಾರೈಸುವುದಿಲ್ಲ. ಬಂದರೆ ನಾಲ್ಕು ಜನ ಅಯ್ಯೋ ಎನ್ನುತ್ತಾರೆ, ಹಣ್ಣು ತಂದುಕೊಡುತ್ತಾರೆ, ಅದು ನನಗೆ ಬೇಡ. ನನಗೆ ಬೇಕಾದದ್ದು ಅದಕ್ಕಿಂತ ನಿಧಾನವಾದದ್ದು. ನೀವು ಬೀದಿಯಲ್ಲಿ ನಡೆಯುವಾಗ ಜನ ನಿಮ್ಮ ಕೈ ನೋಡಬೇಕು. ಮೀನಿನಾಕೆ ಮೀನು ಕಟ್ಟಿಕೊಡುತ್ತಾ, ‘ಡಾಕ್ಟ್ರೇ, ಚಾಕು ಚಿಕ್ಕದಾಯ್ತಾ, ದೊಡ್ಡದು ತರ್ಲಾ?’ ಎನ್ನಬೇಕು. ಯೋಂಗ್-ಫಾ ಆಯುಸ್ಸೆಲ್ಲ ನಕ್ಕ ಹಾಗೆ ನೀವೂ ಒಮ್ಮೆ, ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಗಬೇಕು.

ಇಷ್ಟೇ ಆಗಿದ್ದರೆ ಈ ಪತ್ರ ಬರೀ ಸಿಟ್ಟಿನದಾಗುತ್ತಿತ್ತು. ಆದರೆ ಕಥೆ ಮುಗಿದಿಲ್ಲ. ಚಳಿಗಾಲ ಬರುತ್ತಿದೆ. ಚಳಿಗಾಲದ ಜೊತೆ ಕಾಯಿಲೆಯೂ ಬರುತ್ತದೆಂದು ನೀವೇ ಅದೇ ಮೈಕಿನಲ್ಲಿ ಹೇಳಿದಿರಿ. ಅವನಿಗೆ ಮೂರನೇ ಲಸಿಕೆ ಈಗ ಹಾಕಿಸಲೇಬೇಕೆಂದು ದೊಡ್ಡಾಸ್ಪತ್ರೆಯ ವೈದ್ಯೆ ಹೇಳಿದ್ದಾರೆ. ಮಗು ಇನ್ನೂ ಲಸಿಕೆಯ ವಯಸ್ಸಿಗೆ ಬಂದಿಲ್ಲ. ಅವನು ಹಾಕಿಸಿಕೊಳ್ಳುವುದಿಲ್ಲ.

“ಇನ್ನೂ ನಾಲ್ಕು ಕಿಲೋ ಇದೆ ಕಣೇ,” ಎನ್ನುತ್ತಾನೆ.

“ಯಾವ ನಾಲ್ಕು ಕಿಲೋ?”

“ಹತ್ತರಲ್ಲಿ ಉಳಿದಿದ್ದು. ಡಾಕ್ಟ್ರು ಹೇಳಿದ್ರಲ್ಲ.”

ಹೌದು ಮಾನ್ಯರೇ. ಐಸಿಯುನಿಂದ ಬಂದವನು ಈಗಲೂ ನಿಮ್ಮ ಮಾತು ನಡೆಸುತ್ತಿದ್ದಾನೆ. ಮನೆಯ ತೂಕದ ಯಂತ್ರ ಅವನನ್ನು ತಡೆಯುವುದಿಲ್ಲವೆಂದು ಪ್ರತಿ ಬೆಳಿಗ್ಗೆ ಅಕ್ಕಿಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಿ ನಿಲ್ಲುತ್ತಾನೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಡಬಾರದು, ಬಿಡುತ್ತಾನೆ. ಮೊನ್ನೆ ಹಬೆಪಾತ್ರೆಯ ಮುಂದೆ ತಲೆ ಸುತ್ತಿ ಕುಸಿದು ಕೂತ. ಬೇರೆ ಊರಲ್ಲಿ ಹಾಕಿಸೋಣ ಬಾ ಎಂದು ನಾನೂ ಅತ್ತೆಯೂ ಹೇಳಿ ಹೇಳಿ ಸಾಕಾಯಿತು. “ಕದ್ದು ಹಾಕಿಸ್ಕೊಂಡ ಹಾಗಾಗುತ್ತೆ,” ಎನ್ನುತ್ತಾನೆ. ವೈದ್ಯೆ ಫೋನಿನಲ್ಲಿ ಹೇಳಿದರು, ಅವರಿಗೂ ನಕ್ಕುಬಿಟ್ಟ. ನಿಮ್ಮ ಒಂದು ಮಾತನ್ನು ಅಳಿಸಲು ನಮ್ಮ ಮೂವರ ಮಾತು ಸಾಲುತ್ತಿಲ್ಲ. ರಾತ್ರಿಯೆಲ್ಲ ನಾನು ನಿದ್ದೆ ಬಿಟ್ಟು ಎರಡು ಉಸಿರು ಕೇಳುತ್ತೇನೆ: ತೊಟ್ಟಿಲಿನದು ಒಂದು, ಪಕ್ಕದ್ದು ಒಂದು. ಪಕ್ಕದ್ದು ನಿಂತಾಗ ಅಲುಗಾಡಿಸುತ್ತೇನೆ.

ಆದ್ದರಿಂದ ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಆ ಮಾತು ನಿಮ್ಮದು, ಅದನ್ನು ನೀವೇ ಬಂದು ವಾಪಸ್ ತೆಗೆದುಕೊಳ್ಳಬೇಕು. ಪೆಟ್ಟಿಗೆಯ ಟೇಪು ಬಿಚ್ಚಿ ಉದ್ದ ಸೂಜಿ ತೆಗೆದುಕೊಂಡು ನಮ್ಮ ಅಂಗಡಿಗೆ ಬನ್ನಿ. ಗಿರಾಕಿಗಳು ತುಂಬಿರುವ ಬೆಳಗಿನ ಹೊತ್ತಿಗೇ ಬನ್ನಿ, ಹಿಂಬಾಗಿಲಿನಿಂದಲ್ಲ. ನಿಮ್ಮ ಗಾಲಿಯ ಸ್ಟೂಲು ಬೇಡ, ನಿಂತುಕೊಳ್ಳಿ, ಅವನು ಕೂತಿರುತ್ತಾನೆ. ‘ಹತ್ತು ಕಿಲೋ ಇಳಿಸಿ ಬಾ ಅಂದದ್ದು ನನ್ನ ತಪ್ಪು’ ಎಂದು ಅವನಿಗೆ ಕೇಳಿಸುವಷ್ಟಲ್ಲ, ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ. ಆಕೆಗೆ ಕಿವಿ ಸ್ವಲ್ಪ ಮಂದ. ಆಮೇಲೆ ಚುಚ್ಚಿ. ಆಮೇಲೆ ಕೇಂದ್ರಕ್ಕೆ ಹೋಗಿ, ಕಿಟಕಿಯ ಮುಂದೆ ಬರಲು ನಾಚಿ ಮನೆಯಲ್ಲೇ ಕೂತಿರುವ ಊರಿನ ಉಳಿದ ಡುಮ್ಮ ಡುಮ್ಮಿಯರಿಗೆಲ್ಲ, ಹಿರಿಯರಿಗೆ ಮಾಡಿದ ಹಾಗೆಯೇ, ಫೋನು ಮಾಡಿ ಕರೆಯಿರಿ.

ಇನ್ನೊಂದು ಮಾತು. ಶಿನ್-ಹೆಗೆ ತಿಂಗಳು ತುಂಬಿದಾಗ ಅವಳ ಅಪ್ಪ ಆಸ್ಪತ್ರೆಯಲ್ಲಿದ್ದ, ಊರಿಗೆ ಏನೂ ಹಂಚಲಿಲ್ಲ. ಹೆಣ್ಣುಮಗುವಿಗೆ ಕೇಕು ಹಂಚುವುದು ರೂಢಿ. “ಎಣ್ಣೆಯನ್ನದವನ ಮಗಳಿಗೆ ಯಾವಳೋ ಬೇಯಿಸಿದ ಕೇಕ್ ಯಾಕೆ?” ಎಂದು ಹುಟ್ಟುವ ಮೊದಲೇ ಅವನು ತೀರ್ಮಾನಿಸಿಬಿಟ್ಟಿದ್ದ. ಆ ಡಬ್ಬಿಗಳನ್ನು ಇವತ್ತು ಹಂಚುತ್ತಿದ್ದೇವೆ. ಅನ್ನ ಅವನು ಬೇಯಿಸಿದ್ದಾನೆ, ಕೆಂಪು ಮೊಟ್ಟೆ ಅತ್ತೆ ಇಟ್ಟಿದ್ದಾರೆ, ಎಲ್ಲ ಡಬ್ಬಿಗಳ ಮುಚ್ಚಳದ ಕೆಳಗೂ ಈ ಪತ್ರದ ನಕಲು ನಾನು ಇಟ್ಟಿದ್ದೇನೆ. ನೀವು ಇದನ್ನು ಓದುವ ಹೊತ್ತಿಗೆ ಊರು ತಿಂದು ಮುಗಿಸಿ, ಓದಿಯೂ ಮುಗಿಸಿರುತ್ತದೆ. ಅವನಿಗೂ ಗೊತ್ತಾಗಿರುತ್ತದೆ. ನಿಮ್ಮ ಮನೆಗೆ ಓಡಿಬಂದು ನನ್ನ ಪರವಾಗಿ ಕ್ಷಮೆ ಕೇಳಿದರೂ ಕೇಳಿಯಾನು. ದಯವಿಟ್ಟು ಬಾಗಿಲು ತೆಗೆಯಬೇಡಿ.

ನಿಮ್ಮ ಮನೆಗೆ ಪತ್ರವಷ್ಟೇ ಬಂದಿದೆ, ಡಬ್ಬಿ ಬಂದಿಲ್ಲವೆಂದು ಹುಡುಕಬೇಡಿ. ಅದು ನಮ್ಮ ಗಲ್ಲಾದ ಮೇಲಿದೆ, ‘ಆರೋಗ್ಯ ಕೇಂದ್ರದ ಮುಖ್ಯಸ್ಥರಿಗೆ’ ಎಂದು ಬರೆದು ಇಟ್ಟಿದ್ದೇನೆ. ಅನ್ನ ಹಳಸುತ್ತದೆಂಬ ಚಿಂತೆ ಬೇಡ, ದಿನಾ ಬೆಳಿಗ್ಗೆ ಹಳೆಯದು ತೆಗೆದು ಹೊಸದು ಇಡುತ್ತೇನೆ. ಇದು ಯಾರದ್ದು ಎಂದು ಕೇಳುವ ಪ್ರತಿ ಗಿರಾಕಿಗೂ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ, ಹಂದಿಯ ಭಾಗವನ್ನೂ ಬಿಡದೆ. ನನಗೆ ಬೇಸರವಿಲ್ಲ, ಹೇಗೂ ನಿದ್ದೆಯಿಲ್ಲ. ನೀವು ಬಂದು ಅವನ ತೋಳಿಗೆ ಚುಚ್ಚಿದ ದಿನ ಡಬ್ಬಿ ನಿಮ್ಮ ಕೈಗೆ ಕೊಡುತ್ತೇನೆ. ಕಂಬದ ಪಕ್ಕದ ಸ್ಟೂಲೂ ಅಲ್ಲಿಯವರೆಗೆ ಖಾಲಿಯಿರುತ್ತದೆ, ಅಲ್ಲಿಯವರೆಗೆ ನಿಮಗೆ ನಮ್ಮಲ್ಲಿ ಒಂದು ತುತ್ತು ಅನ್ನವೂ ಇಲ್ಲ.

ಬಂದರೆ ಕ್ಷಮಿಸುತ್ತೇನೆಂದು ನಾನು ಎಲ್ಲೂ ಬರೆದಿಲ್ಲ, ತಿರುಗಿ ಓದಿ ನೋಡಿ. ಅನ್ನ ಕೊಡುತ್ತೇನೆ ಎಂದಷ್ಟೇ ಬರೆದಿದ್ದೇನೆ. ಹುರಿದ ಈರುಳ್ಳಿ ಹಾಕುವುದಿಲ್ಲ.

ಇಂತಿ,
ನಿಮ್ಮ ವಿಧೇಯಳಾಗಿದ್ದು ಸಾಕಾದ,
ಬಾಣಂತನ ಅರ್ಧಕ್ಕೇ ಬಿಟ್ಟು ಮಳೆಗೆ ಓಡಿದ,
ಡುಮ್ಮನ ಹೆಂಡತಿ